ಅಂಗಳದಲ್ಲಿ ಬಿರುಕು ಕಂಡ ರಾತ್ರಿ ಆ ಮನೆಯಲ್ಲಿ ಮಲಗಬೇಡಿ

ಕೊಡಗಿನಲ್ಲಿ ಗುಡ್ಡ ಜರಿದ ದಿನಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ. 2019ರ ಆಗಸ್ಟ್ 9ಕ್ಕೆ ವಿರಾಜಪೇಟೆ ಹತ್ತಿರದ ತೋರ. 2020ರ ಆಗಸ್ಟ್ 6ರ ಬೆಳಗಿನ ಜಾವ ತಲಕಾವೇರಿಯ ಬ್ರಹ್ಮಗಿರಿ, ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಎಲ್ಲವೂ ಆಶ್ಲೇಷ ಮಳೆಯಲ್ಲಿ, ಇಲ್ಲವೇ ಅದರ ಅಂಚಿನಲ್ಲಿ. ಕೊಡಗಿನ ಹೊರಗೆ ನೋಡಿದರೆ ಅಂಕೋಲಾ ತಾಲ್ಲೂಕಿನ ಶಿರೂರು 2024ರ ಜುಲೈ 16ಕ್ಕೆ, ಪುನರ್ವಸುವಿನಲ್ಲಿ. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಅದೇ ತಿಂಗಳ 30ಕ್ಕೆ, ಪುಷ್ಯದಲ್ಲಿ. ಪುಣೆ ಜಿಲ್ಲೆಯ ಮಾಳಿಣ್ ಎಂಬ ಊರು ಗುಡ್ಡದಡಿ ಹೋದದ್ದೂ ಜುಲೈ 30ಕ್ಕೇ, ಅದು 2014ರಲ್ಲಿ.

ಅಂದರೆ ಯಾವ ವಾರಗಳಲ್ಲಿ ಹುಷಾರಾಗಿರಬೇಕು ಅನ್ನುವುದು ನಮಗೆಲ್ಲ ಹೆಚ್ಚುಕಮ್ಮಿ ಗೊತ್ತು. "ಆಸಲೆ ಮಳೆ, ಈಸಲಾರದ ಹೊಳೆ" ಅಂತ ಆಶ್ಲೇಷ ಮಳೆ ಬಗ್ಗೆ ಹಳಬರು ಸುಮ್ನೆ ಹೇಳಿದ್ದಲ್ಲ. ಯಾವ ಜಾಗದಲ್ಲಿ ಅನ್ನುವುದೂ ಊರಿನವರಿಗೆ ತಕ್ಕಮಟ್ಟಿಗೆ ಗೊತ್ತಿರುತ್ತದೆ. ಗೊತ್ತಿಲ್ಲದೇ ಇರುವುದು ಒಂದೇ: ಈ ರಾತ್ರಿ ಮನೆ ಬಿಡಬೇಕೋ ಬೇಡವೋ. ಅದನ್ನು ಯಾರು ಹೇಳಬೇಕು, ಯಾವಾಗ ಹೇಳಬೇಕು, ಹೊರಟವರು ಎಲ್ಲಿಗೆ ಹೋಗಬೇಕು. ನಾನು ಇವತ್ತು ಬರೆಯುತ್ತಿರುವುದು ಅಷ್ಟರ ಬಗ್ಗೆ ಮಾತ್ರ.

ನಮ್ಮ ಕಡೆ ಮಳೆಗಾಲದಲ್ಲಿ ಇಬ್ಬರು ಎದುರಾದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಇಂಚಾಯ್ತು?" ಕಾಫಿ ತೋಟ ಇರುವ ಬಹಳ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ. ಅಂಗಳದ ಮೂಲೆಯಲ್ಲಿ, ಮರದ ನೆರಳು ಬೀಳದ ಕಡೆ, ಮಳೆ ಅಳೆಯುವ ಡಬ್ಬ. ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆ ಕೊಳವೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಂಚು ಸೆಂಟ್ ಲೆಕ್ಕದಲ್ಲಿ ಬರೆಯುವುದು. ನೂರು ಸೆಂಟ್‌ಗೆ ಒಂದು ಇಂಚು. ನಮ್ಮಜ್ಜ ಬರೆದ ಪುಸ್ತಕಗಳು ಈಗಲೂ ಅಟ್ಟದ ಪೆಟ್ಟಿಗೆಯಲ್ಲಿವೆ. ಥಂಡಿಗೆ ಅಂಚೆಲ್ಲ ಕಪ್ಪಾಗಿ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ, ಆದರೂ ನೀಲಿ ಶಾಯಿಯ ಅಂಕಿ ಓದಬಹುದು. ಅಜ್ಜನಿಗೆ ಮುಖ್ಯವಾಗಿದ್ದದ್ದು ಕಾಫಿ ಹೂ ಬಿಡಿಸುವ ಹೂ ಮಳೆ, ಆಮೇಲೆ ಆ ಹೂ ಕಾಯಿ ಕಚ್ಚಲು ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ. ಮಾರ್ಚ್ ಏಪ್ರಿಲ್ ಪುಟಗಳಲ್ಲಿ ಕೆಂಪು ಗೆರೆ, ಪಕ್ಕದಲ್ಲಿ ಟಿಪ್ಪಣಿ. ಆಗಸ್ಟ್ ಪುಟಗಳಲ್ಲಿ ಬರೀ ಅಂಕಿ. ಆ ಕಾಲಕ್ಕೆ ಆಗಸ್ಟ್ ಮಳೆಯ ಭಯ ಅಂದರೆ ಕಾಯಿ ಉದುರುವುದು, ಕೊಳೆರೋಗ, ಗದ್ದೆಗೆ ಹೊಳೆ ನುಗ್ಗುವುದು. ಮನೆ ಹಿಂದಿನ ಗುಡ್ಡವನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಈಗ ನಾನು ದಿನದ ಅಂಕಿಯ ಪಕ್ಕ ಹಿಂದಿನ ಮೂರು ದಿನಗಳ ಮೊತ್ತವನ್ನೂ ಬರೆಯುತ್ತೇನೆ. ನೀವೂ ಬರೆಯಿರಿ ಅನ್ನುತ್ತೇನೆ, ಯಾಕೆಂದರೆ ಒಂದು ದಿನದ ಮಳೆ ಅಷ್ಟಾಗಿ ಏನೂ ಹೇಳುವುದಿಲ್ಲ. ಜೂನ್‌ನಲ್ಲಿ ಒಂದೇ ದಿನ ಆರು ಇಂಚು ಬಿದ್ದರೂ ನೆಲ ಕುಡಿದುಕೊಳ್ಳುತ್ತದೆ. ಎರಡು ತಿಂಗಳು ನೆನೆದ ಮೇಲೆ ಆಗಸ್ಟ್‌ನಲ್ಲಿ ಅದೇ ಆರು ಇಂಚು ಬಂದರೆ ಕಥೆಯೇ ಬೇರೆ. 2018ರಲ್ಲಿ ಆದದ್ದು ಇದೇ. ಆ ವರ್ಷ ಜೂನ್‌ನಿಂದಲೇ ಮಳೆ ಜೋರಿತ್ತು, ಮಧ್ಯೆ ಮಣ್ಣು ಆರಲು ಬಿಡುವೇ ಸಿಗಲಿಲ್ಲ, ಆಗಸ್ಟ್ ಎರಡನೇ ವಾರ ಮತ್ತೆ ಹಗಲು ರಾತ್ರಿ ಹಿಡಿದುಕೊಂಡಿತು.

ಹವಾಮಾನ ಇಲಾಖೆ ಮಿಲಿಮೀಟರ್‌ನಲ್ಲಿ ಹೇಳುತ್ತದೆ, ನಾವು ಇಂಚಿನಲ್ಲಿ ಯೋಚಿಸುತ್ತೇವೆ. ಒಂದು ಇಂಚು ಅಂದರೆ 25.4 ಮಿ.ಮೀ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರೀ ಮಳೆ, ಅಂದರೆ ಎರಡೂವರೆ ಇಂಚು. 115.6 ದಾಟಿದರೆ ಅತಿ ಭಾರೀ, ನಾಲ್ಕೂವರೆ ಇಂಚು. 204.4 ಮೀರಿದರೆ ವಿಪರೀತ ಮಳೆ, ಎಂಟು ಇಂಚು. ಇನ್ನೊಂದು ಲೆಕ್ಕ ಹಾಕಿ ನೋಡಿ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್‌ಗಿಂತ ಜಾಸ್ತಿ ನೀರು, ತೂಕದಲ್ಲಿ ನೂರು ಟನ್. ಎಂಟು ಇಂಚಿಗೆ ಎಂಟು ನೂರು ಟನ್. ಅದರಲ್ಲಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಹರಿದು ಹೋಗುವುದು ಎಷ್ಟೋ ಹೋಗಲಿ, ಉಳಿದದ್ದು ನಿಮ್ಮ ಮನೆ ಹಿಂದಿನ ಇಳಿಜಾರಿನ ಒಳಗೇ ಇರುತ್ತದೆ.

ಒಳಗೆ ಏನಾಗುತ್ತದೆ? ನಮ್ಮ ಗುಡ್ಡಗಳಲ್ಲಿ ಮೇಲೆ ಕೆಂಪು ಮಣ್ಣು, ಅದರಡಿ ಪುಡಿಪುಡಿಯಾಗಿ ಕೊಳೆತ ಕಲ್ಲು, ಅದರಡಿ ಗಟ್ಟಿ ಬಂಡೆ. ನೀರು ಮಣ್ಣಿನಲ್ಲಿ ಇಳಿಯುತ್ತಾ ಹೋಗಿ ಬಂಡೆಯ ಮೇಲೆ ನಿಲ್ಲುತ್ತದೆ, ಅಲ್ಲಿಂದ ಕೆಳಗೆ ದಾರಿಯಿಲ್ಲ. ಬಂಡೆಗೂ ಮಣ್ಣಿಗೂ ನಡುವೆ ನೀರು ತುಂಬಿದ ಹಾಗೆ ಒತ್ತಡ ಏರುತ್ತದೆ, ಮಣ್ಣಿನ ಹಿಡಿತ ಬಿಡುತ್ತದೆ. ಜಾರುಬಂಡೆಯ ಮೇಲಿಟ್ಟ ಒದ್ದೆ ಗೋಣಿಮೂಟೆಯ ಹಾಗೆ ಅದು ಒಟ್ಟಿಗೇ ಜಾರುತ್ತದೆ, ಮೇಲಿನ ಮರಗಳನ್ನೂ ಹೊತ್ತುಕೊಂಡು. ಮರ ಇದ್ದರೆ ಗುಡ್ಡ ಬೀಳಲ್ಲ ಅಂತ ಬಹಳ ಜನ ನಂಬಿದ್ದಾರೆ. ಮರದ ಬೇರು ಮೇಲುಮಣ್ಣನ್ನು ಹಿಡಿಯುತ್ತದೆ, ಅದು ನಿಜ. ಆದರೆ ಜಾರುವ ಪದರ ಬೇರಿಗಿಂತ ಆಳದಲ್ಲಿದ್ದರೆ ಮರ ಏನು ಮಾಡೀತು?

ಮಣ್ಣು ಹಿಡಿತ ಬಿಡುವ ಮೊದಲು ಹೆಚ್ಚಾಗಿ ಗುರುತು ಕೊಡುತ್ತದೆ. ನಮ್ಮ ದೊಡ್ಡಮ್ಮನ ಮನೆ ಮಕ್ಕಂದೂರಿನ ಆಚೆ ಇತ್ತು. 2018ರ ಆ ವಾರ ಮೊದಲು ಕಂಡದ್ದು ಅಡುಗೆಮನೆ ಹಿಂದಿನ ಬರೆಯಲ್ಲಿ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯಲ್ಲಿ. ಯಾವತ್ತೂ ಒಣಗಿರುತ್ತಿದ್ದ ಜಾಗದಲ್ಲಿ ಜಲ ಒಡೆದು ಬೆರಳು ದಪ್ಪದ ನೀರು ಹರಿಯತೊಡಗಿತು. ಮೊದಲ ದಿನ ತಿಳಿಯಾಗಿತ್ತು, ದೊಡ್ಡಮ್ಮ ಅದಕ್ಕೆ ಅಡಕೆ ಹಾಳೆ ಕಟ್ಟಿ ಪಾತ್ರೆ ತೊಳೆಯಲು ಬಿಂದಿಗೆ ಇಟ್ಟಿದ್ದರಂತೆ. ಮಾರನೇ ದಿನ ಅದು ಕೆಂಪಾಯಿತು. ಮಧ್ಯಾಹ್ನದ ಹೊತ್ತಿಗೆ ಕಾಫಿ ಒಣಗಿಸುವ ಕಣದ ಸಿಮೆಂಟಿನಲ್ಲಿ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಂತೆ ಬಿರುಕು. ಅಣ್ಣ ಅದಕ್ಕೆ ಮಣ್ಣು ತುಂಬಿ ಮೇಲೆ ಪ್ಲಾಸ್ಟಿಕ್ ಹೊದೆಸಿದರು. ಸಂಜೆ ನೋಡಿದರೆ ತುಂಬಿದ ಮಣ್ಣೇ ಒಳಗಿಳಿದು ಬಿರುಕು ಅಂಗೈ ಅಗಲ ಆಗಿತ್ತು, ಕೊಟ್ಟಿಗೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿ ಮುಚ್ಚಲು ಬರುತ್ತಿರಲಿಲ್ಲ. ದೊಡ್ಡಮ್ಮ ಆಗ ಇನ್ನೊಂದು ಮಾತಿಗೆ ಕಾಯಲಿಲ್ಲ. ದನಗಳ ಹಗ್ಗ ಬಿಚ್ಚಿ ಮೇಲಿನ ತೋಟದ ಕಡೆ ಅಟ್ಟಿದರು, ಜಮೀನಿನ ಕಾಗದ, ಮಾತ್ರೆ, ಸ್ವೆಟರ್ ಒಂದು ಚೀಲಕ್ಕೆ ತುಂಬಿದರು, ಬೆಳಕಿರುವಾಗಲೇ ಎಲ್ಲರನ್ನೂ ಹೊರಡಿಸಿದರು. ಪಕ್ಕದ ಎರಡು ಮನೆಯವರನ್ನೂ ಬೈದೇ ಎಬ್ಬಿಸಿದರು. ಬೆಳಗಾಗುವ ಹೊತ್ತಿಗೆ ಆ ಮೂರು ಮನೆಗಳಿದ್ದ ಜಾಗದಲ್ಲಿ ಕೆಸರು, ಅದರಲ್ಲಿ ಸಿಲ್ವರ್ ಓಕ್ ಮರಗಳು ತಲೆಕೆಳಗಾಗಿ ನಿಂತಿದ್ದವು.

ಆ ಮೂರು ಮನೆಯವರನ್ನು ಯಾವ ಪಡೆಯೂ ಹಗ್ಗ ಕಟ್ಟಿ ಇಳಿಸಬೇಕಾಗಲಿಲ್ಲ, ಹೆಲಿಕಾಪ್ಟರ್ ಬರಬೇಕಾಗಲಿಲ್ಲ. ಅವರ ಹೆಸರು ಯಾವ ಸುದ್ದಿಯಲ್ಲೂ ಬರಲಿಲ್ಲ. ನನಗೆ ಇದರಷ್ಟು ದೊಡ್ಡ ರಕ್ಷಣಾ ಕಾರ್ಯಾಚರಣೆ ಬೇರೆ ಇಲ್ಲ.

ದೊಡ್ಡಮ್ಮ ಕಂಡ ಗುರುತುಗಳೇ ಎಲ್ಲ ಕಡೆಯೂ. ಹೊಸ ಜಲ, ತಿಳಿ ನೀರು ಕೆಂಪಾಗುವುದು, ನೆಲದಲ್ಲಿ ಅಡ್ಡ ಬಿರುಕು, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು, ಕರೆಂಟ್ ಕಂಬವೋ ಅಡಕೆ ಮರವೋ ವಾಲುವುದು. ಇನ್ನೊಂದು ಬಹಳ ಅಪಾಯದ್ದು: ಮಳೆ ಜೋರಾಗಿ ಸುರಿಯುತ್ತಿದ್ದರೂ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆ ಆಗುವುದು. ನೀರು ಇಳಿಯಿತು ಅಂತ ಸಮಾಧಾನಪಟ್ಟುಕೊಳ್ಳಬೇಡಿ. ಮೇಲೆಲ್ಲೋ ಮಣ್ಣು, ಮರ ಬಿದ್ದು ಅಡ್ಡಗಟ್ಟಿರಬಹುದು, ಅದು ಒಡೆದರೆ ಎಲ್ಲವೂ ಒಟ್ಟಿಗೇ ಕೆಳಗೆ ಬರುತ್ತದೆ. ಆಗ ತೋಡಿನ ಹತ್ತಿರ ಇರಲೇಬಾರದು. ಓಡುವುದಾದರೆ ತೋಡಿನ ಉದ್ದಕ್ಕೆ ಕೆಳಗಲ್ಲ, ಅಡ್ಡಕ್ಕೆ, ಪಕ್ಕದ ಎತ್ತರಕ್ಕೆ.

"ನಮ್ಮದು ಸಮತಟ್ಟು ಜಾಗ, ಗುಡ್ಡ ದೂರ ಇದೆ" ಅನ್ನುವವರಿಗಾಗಿ ವಯನಾಡಿನ ವಿಷಯ ಹೇಳಬೇಕು. ಅಲ್ಲಿ ಮಣ್ಣು ಕಿತ್ತುಕೊಂಡದ್ದು ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದ ಕಾಡಿನ ತಲೆಯಲ್ಲಿ. ಅಲ್ಲಿಂದ ಹೊಳೆಯ ದಾರಿ ಹಿಡಿದು ಸುಮಾರು 8 ಕಿಲೋಮೀಟರ್ ಹರಿಯಿತು. ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಎಲ್ಲ ಆ ದಾರಿಯಲ್ಲಿದ್ದ ಊರುಗಳು. ಶವಗಳು ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನವರೆಗೆ ಸಿಕ್ಕವು. ಸುಮಾರು 300 ಜನ ಹೋದರು. ತೋಟದ ಕೆಲಸಕ್ಕೆಂದು ಚಾಮರಾಜನಗರದ ಕಡೆಯಿಂದ ಹೋಗಿ ಅಲ್ಲೇ ನೆಲೆಸಿದ್ದ ನಮ್ಮವರೂ ಅದರಲ್ಲಿದ್ದರು. ಸೇತುವೆ ಕೊಚ್ಚಿಹೋಗಿ ಆಚೆ ದಡ ತಲುಪಲು ಆಗದಿದ್ದಾಗ ನಮ್ಮ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಉಕ್ಕಿನ ಸಿದ್ಧ ಭಾಗಗಳನ್ನು ಜೋಡಿಸುವ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು, ಮಳೆಯಲ್ಲಿ ನಿದ್ದೆಯಿಲ್ಲದೆ. ಆ ಕೆಲಸಕ್ಕೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು.

ಆದರೆ ಹಿಂದಿನ ದಿನವನ್ನು ಯೋಚಿಸಿ. ಮುಂಡಕ್ಕೈ ಕಡೆ 48 ಗಂಟೆಯಲ್ಲಿ 570 ಮಿ.ಮೀ.ಗಿಂತ ಜಾಸ್ತಿ ಮಳೆ ಆಗಿತ್ತು. ಎರಡು ದಿನಕ್ಕೆ 22 ಇಂಚು! ಕಲ್ಪೆಟ್ಟದ ಹ್ಯೂಮ್ ಕೇಂದ್ರ ಎಂಬ ಸಣ್ಣ ಸಂಸ್ಥೆ ವಯನಾಡಿನ ತುಂಬ ಮಳೆಮಾಪಕಗಳನ್ನು ಇಟ್ಟು, ಊರಿನವರಿಂದಲೇ ಅಂಕಿ ತರಿಸಿಕೊಳ್ಳುತ್ತದೆ. ಆ ಜಾಗದಲ್ಲಿ ಅಪಾಯ ಇದೆ ಅಂತ ಅವರು ಹಿಂದಿನ ದಿನವೇ ಎಚ್ಚರಿಸಿದ್ದರು. ಕೆಲವರು ಹೊರಟಿದ್ದರು, ಜೀವ ಉಳಿಸಿಕೊಂಡರು. ಬಹಳ ಜನ ಹೊರಡಲಿಲ್ಲ. ಅದೇ ಗುಡ್ಡಸಾಲಿನ ಪುತ್ತುಮಲದಲ್ಲಿ 2019ರ ಆಗಸ್ಟ್ 8ಕ್ಕೆ ಗುಡ್ಡ ಜರಿದು 17 ಜನ ಹೋಗಿದ್ದನ್ನು ಕಂಡ ಊರದು. ಐದೇ ವರ್ಷ.

ಈಗ ನಮ್ಮ ಜಿಲ್ಲೆಗೆ ಬರೋಣ. ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಅಂತ ಮೊಬೈಲ್‌ಗೆ ಬರುತ್ತದೆ. ಅದು ಇಡೀ ಕೊಡಗಿಗೆ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿದ ದಿನ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಎರಡಕ್ಕೂ ಒಂದೇ ಬಣ್ಣ. ಜೂನ್‌ನಿಂದ ಆಗಸ್ಟ್‌ವರೆಗೆ ಬಣ್ಣ ಬರುತ್ತಲೇ ಇರುತ್ತದೆ, ಶಾಲೆಗೆ ರಜೆ ಇದೆಯೋ ಇಲ್ಲವೋ ಅಂತ ನೋಡಲು ಮಾತ್ರ ಅದು ಬಳಕೆ ಆಗುತ್ತಿದೆ. ಯಾರನ್ನೂ ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಇಡೀ ಜಿಲ್ಲೆಗೆ ಕೊಡುವ ಎಚ್ಚರಿಕೆ ಅಧಿಕಾರಿಗಳಿಗೆ ತಯಾರಾಗಲು ಬೇಕೇ ಬೇಕು. ಆದರೆ ದೊಡ್ಡಮ್ಮನ ಕಣದ ಬಿರುಕು ಆ ಬಣ್ಣದಲ್ಲಿ ಕಾಣುವುದಿಲ್ಲ, ಅಲ್ವಾ?

ಖುಷಿಯ ವಿಷಯ ಅಂದರೆ ಮುಕ್ಕಾಲು ವ್ಯವಸ್ಥೆ ಈಗಾಗಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, 15 ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳುಹಿಸುತ್ತವೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಕುಸಿತದ ಸಾಧ್ಯತೆ ತೋರಿಸುವ ನಕ್ಷೆ ಮಾಡಿಟ್ಟಿದೆ. ಮನೆಮನೆಯಲ್ಲಿ ಮಳೆ ಪುಸ್ತಕ ಇದೆ. ಊರಿನಲ್ಲಿ ಶಾಲೆ ಇದೆ, ಸಮುದಾಯ ಭವನ ಇದೆ. ಇಲ್ಲದಿರುವುದು ಇವನ್ನೆಲ್ಲ ಜೋಡಿಸಿ, ಸಂಜೆ ನಾಲ್ಕು ಗಂಟೆಗೆ "ಇವತ್ತು ಈ ಹನ್ನೆರಡು ಮನೆಯವರು ಶಾಲೆಯಲ್ಲಿ ಮಲಗಲಿ" ಅಂತ ಹೇಳುವ ಒಬ್ಬ ಮನುಷ್ಯ.

ಸಂಜೆ ನಾಲ್ಕು ಗಂಟೆ ಅಂತ ಬೇಕೆಂದೇ ಹೇಳಿದೆ. ಮುಂಡಕ್ಕೈ ಹೋದದ್ದು ನಡುರಾತ್ರಿ ಕಳೆದ ಮೇಲೆ. ತಲಕಾವೇರಿಯದು ಬೆಳಗಿನ ಜಾವ. ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ 2020ರ ಆಗಸ್ಟ್ 6ರ ರಾತ್ರಿ ಟೀ ತೋಟದ ಕೆಲಸಗಾರರ ಸಾಲುಮನೆಗಳ, ಅಂದರೆ ಲೈನ್ ಮನೆಗಳ ಮೇಲೆ ಗುಡ್ಡ ಬಂದಾಗ ಜನ ಮಲಗಿದ್ದರು. ರಾತ್ರಿ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಹೆಂಚಿನ ಮೇಲೆ ಮಳೆಯ ಸದ್ದಿಗೆ ಪಕ್ಕದ ಕೋಣೆಯವರು ಕರೆದರೂ ಕೇಳುವುದಿಲ್ಲ. ಮಕ್ಕಳನ್ನು, ವಯಸ್ಸಾದವರನ್ನು ಜಿಗಣೆ ಹಾದಿಯಲ್ಲಿ ಟಾರ್ಚ್ ಹಿಡಿದು ಸಾಗಿಸುವುದು ಆಗುವ ಮಾತಲ್ಲ. ಬೆಳಕಿರುವಾಗ ಹೊರಟರೆ ಮಾತ್ರ ಹೊರಟ ಹಾಗೆ.

ನೆರೆಯದು ಬೇರೆ ರೀತಿ. ಕರಡಿಗೋಡಿನಲ್ಲಿ, ಕುಶಾಲನಗರದ ಬಡಾವಣೆಗಳಲ್ಲಿ ಕಾವೇರಿ ಏರುವುದು ಕಣ್ಣಿಗೆ ಕಾಣುತ್ತದೆ. ಮೆಟ್ಟಿಲು ಎಣಿಸಬಹುದು, ಸಾಮಾನು ಮೇಲಿಡಬಹುದು. ನಷ್ಟ ಅಲ್ಲೂ ದೊಡ್ಡದೇ, ಆದರೆ ಹೊಳೆ ಸ್ವಲ್ಪ ಸಮಯ ಕೊಡುತ್ತದೆ.

ಇನ್ನು ಬರೆ ಕಡಿಯುವ ವಿಷಯ. ಇದಕ್ಕೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನವೆಂಬರ್‌ನಿಂದ ಮೇವರೆಗೆ ನಮ್ಮ ಗುಡ್ಡಗಳಲ್ಲಿ ಜೆಸಿಬಿ ಸದ್ದು ನಿಲ್ಲುವುದೇ ಇಲ್ಲ. ರಸ್ತೆಗೆ, ಮನೆಗೆ, ಹೋಂಸ್ಟೇಗೆ, ವ್ಯೂ ಚೆನ್ನಾಗಿ ಬರಲಿ ಅಂತ ತುದಿಗೆ. ಇಳಿಜಾರನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತಾರೆ, ಕಡಿದ ಮಣ್ಣನ್ನು ಪಕ್ಕದ ತೋಡಿಗೆ ಸುರಿಯುತ್ತಾರೆ. ಗುಡ್ಡವನ್ನು ಕೆಳಗಿನಿಂದ ತಡೆದು ನಿಲ್ಲಿಸಿದ್ದ ಬುಡವೇ ಹೋಯಿತು, ನೀರು ಹರಿದುಹೋಗುತ್ತಿದ್ದ ದಾರಿಯೂ ಮುಚ್ಚಿತು. ಜೂನ್‌ನಲ್ಲಿ ಆ ಬರೆಗೆ ನೀಲಿ ಟಾರ್ಪಾಲು ಹೊದೆಸಿ ಮರಳು ಮೂಟೆ ಜೋಡಿಸುವುದು. 2018ರ ನಂತರ ಬಂದ ಭೂವಿಜ್ಞಾನಿಗಳು ಇಳಿಜಾರನ್ನು ಹೀಗೆ ಕಡಿದದ್ದು ಮುಖ್ಯ ಕಾರಣ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಮಳೆಯ ಪಾಲು ಇಲ್ಲ ಅಂತಲ್ಲ. ಕಡಿಯದ ಕಾಡಿನ ಗುಡ್ಡಗಳೂ ಜರಿದಿವೆ, ವಯನಾಡಿನ ಕುಸಿತ ಶುರುವಾದದ್ದೇ ಕಾಡಿನಲ್ಲಿ. ಹಾಗಂತ ನಾವು ಕಡಿದದ್ದಕ್ಕೆ ಮಾಫಿ ಸಿಗುವುದಿಲ್ಲ.

ಶಿರೂರು ಇದಕ್ಕೆ ಕಣ್ಣೆದುರಿನ ಉದಾಹರಣೆ. ಒಂದು ಕಡೆ ನೆಟ್ಟಗಿನ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ಹೊಳೆ, ನಡುವೆ ಚತುಷ್ಪಥಕ್ಕೆಂದು ಅಗಲ ಮಾಡಿದ ರಾಷ್ಟ್ರೀಯ ಹೆದ್ದಾರಿ 66. ಗುಡ್ಡ ಬಂದಾಗ ರಸ್ತೆ ಬದಿಯಲ್ಲಿ ಹೋಟೆಲ್ ಇಟ್ಟುಕೊಂಡಿದ್ದ ಕುಟುಂಬ ಹೋಯಿತು, ಟೀ ಕುಡಿಯಲು, ಸುಸ್ತಾರಿಸಲು ಲಾರಿ ನಿಲ್ಲಿಸಿದ್ದವರು ಹೋದರು. ಗ್ಯಾಸ್ ಟ್ಯಾಂಕರ್ ಹೊಳೆಗೆ ಬಿತ್ತು. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳ ಮೇಲೆ ಅಪ್ಪಳಿಸಿತು, ಅಲ್ಲೂ ಜೀವ ಹೋಯಿತು. ಹೊಳೆಯ ಆಚೆ, ತಮ್ಮ ಪಾಡಿಗೆ ತಾವಿದ್ದವರು! ಮರದ ದಿಮ್ಮಿ ಹೇರಿದ್ದ ಕೇರಳದ ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಎರಡು ತಿಂಗಳು ದಾಟಿದ ಮೇಲೆ.

ಪಶ್ಚಿಮಘಟ್ಟವನ್ನು ಉಳಿಸುವ ಬಗ್ಗೆ ಗಾಡ್ಗೀಳ್ ವರದಿ 2011ರಲ್ಲಿ ಬಂತು, ಕಸ್ತೂರಿರಂಗನ್ ವರದಿ 2013ರಲ್ಲಿ. ಕರಡು ಅಧಿಸೂಚನೆ ಮೇಲೆ ಕರಡು ಅಧಿಸೂಚನೆ. ಆರನೆಯದು ಹೊರಬಿದ್ದದ್ದು ವಯನಾಡು ದುರಂತದ ಮಾರನೇ ದಿನ, 2024ರ ಜುಲೈ 31ಕ್ಕೆ. ನಮ್ಮ ಊರುಗಳಲ್ಲಿ ಈ ವರದಿಗಳ ಹೆಸರೆತ್ತಿದರೆ ಜಗಳವೇ. ತೋಟ ಹೋಗುತ್ತದೆ, ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯ. ಆ ಭಯ ಸುಳ್ಳು ಅಂತ ನಾನು ಹೇಳಲಾರೆ, ಸಣ್ಣ ಹಿಡುವಳಿದಾರನಿಗೆ ಕಾಗದದ ಒಂದು ಗೆರೆ ಎಷ್ಟು ಕಷ್ಟ ತರಬಲ್ಲದು ಅಂತ ನೋಡಿದ್ದೇವೆ. ಆದರೆ ಕಡಿದಾದ ಇಳಿಜಾರಿನಲ್ಲಿ ಜೆಸಿಬಿ ಇಳಿಸಬಾರದು ಅನ್ನಲು ದೆಹಲಿಯ ಅಧಿಸೂಚನೆ ಬೇಕಾ? ಪಂಚಾಯಿತಿ ಲೈಸೆನ್ಸ್ ಕೊಡುವಾಗ ಒಂದು ಷರತ್ತು ಹಾಕಿದರೆ ಸಾಕು.

ಕೊನೆಗೆ, ಹೊರಡಿ ಅಂದ ಕೂಡಲೇ ಹೊರಡಲು ಆಗದವರ ಬಗ್ಗೆ. ದೊಡ್ಡಮ್ಮನಿಗೆ ಮಡಿಕೇರಿಯಲ್ಲಿ ನೆಂಟರಿದ್ದರು. ಲೈನ್ ಮನೆಯಲ್ಲಿರುವವರಿಗೆ ಯಾರಿದ್ದಾರೆ? ಮನೆ ತಮ್ಮದಲ್ಲ, ಜಾಗ ತಮ್ಮದಲ್ಲ, ಕೆಲಸಕ್ಕೆ ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ. ಪರಿಹಾರ ಕೇಂದ್ರಕ್ಕೆ ಹೋದರೆ ಕೋಳಿ, ಆಡು, ನಾಯಿ ಏನಾಗಬೇಕು? ಎರಡು ಸಲ ಹೊರಟು ಏನೂ ಆಗದೆ ವಾಪಸ್ ಬಂದವರು ಮೂರನೇ ಸಲ ಹೊರಡುವುದಿಲ್ಲ, ಅದು ಅವರ ತಪ್ಪಲ್ಲ. ಹೊರಟದ್ದಕ್ಕೆ ಖರ್ಚಾಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. 2018ರಲ್ಲಿ ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಮನೆ ಕಟ್ಟಿಕೊಟ್ಟರು, ಒಳ್ಳೆಯದೇ ಆಯಿತು. ಬೀಳುವ ಮೊದಲೇ ಒಂದು ರಾತ್ರಿಗೆ ಚಾಪೆ, ಕಂಬಳಿ, ಬಿಸಿ ಗಂಜಿ ಕೊಡಲು ಅದರ ನೂರನೇ ಒಂದು ಪಾಲೂ ಬೇಡ.

ನಮ್ಮ ಗ್ರಾಮಸಭೆಗೆ ಅರ್ಜಿ ಬರೆಯುತ್ತಿದ್ದೇನೆ. ಅದರಲ್ಲಿ ಕೇಳಿರುವುದು ಇಷ್ಟು. ಮೇ ತಿಂಗಳಲ್ಲೇ ವಾರ್ಡಿನ ಸದಸ್ಯರು, ಆಶಾ ಕಾರ್ಯಕರ್ತೆ, ತೋಟದ ಲೆಕ್ಕ ಬರೆಯುವ ರೈಟರು ಸೇರಿ ಬರೆ ಕೆಳಗಿನ ಮತ್ತು ತೋಡಿನ ಬಾಯಲ್ಲಿರುವ ಮನೆಗಳ ಪಟ್ಟಿ ಮಾಡಬೇಕು, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಅನ್ನುವುದೂ ಅದರಲ್ಲಿರಬೇಕು. ಮೂರು ದಿನದ ಮಳೆ ಎಷ್ಟು ದಾಟಿದರೆ ಆ ಮನೆಗಳನ್ನು ಖಾಲಿ ಮಾಡಿಸಬೇಕು ಅಂತ ಭೂವಿಜ್ಞಾನಿಗಳನ್ನು ಕೇಳಿ ಒಂದು ಅಂಕಿ ನಿಗದಿ ಮಾಡಬೇಕು, ಅದನ್ನು ಪಂಚಾಯಿತಿ ಗೋಡೆಯ ಮೇಲೆ ಇಂಚಿನಲ್ಲೂ ಬರೆಸಬೇಕು. ಶಾಲೆಯ ಬೀಗದ ಕೀ ಶಾಲೆ ಪಕ್ಕದ ಮನೆಯಲ್ಲೇ ಇರಬೇಕು. ಖಾಲಿ ಮಾಡಿಸಿದ ದಿನದ ಕೂಲಿಯನ್ನು ಅವರಿಗೆ ಕೊಡುವ ದಾರಿ ಹುಡುಕಬೇಕು. ಬರೆ ಕಡಿಯಲು ಅನುಮತಿ ಕೇಳಿದವರ ಹೆಸರು, ಜಾಗ ಸಭೆಯಲ್ಲಿ ಓದಬೇಕು.

ನಮ್ಮ ಪಂಚಾಯಿತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಸಹಿ ಹಾಕಲು ಮನೆಗೆ ಬನ್ನಿ, ಇಲ್ಲವೇ ತಿಳಿಸಿ, ನಾನೇ ಬರುತ್ತೇನೆ. ನಿಮ್ಮ ಮನೆಯ ಮಳೆ ಪುಸ್ತಕದಲ್ಲಿ 2018ರ ಜುಲೈ, ಆಗಸ್ಟ್ ಪುಟಗಳಿದ್ದರೆ ಅವುಗಳ ಫೋಟೊ ಕೊಡಿ, ಅರ್ಜಿಯ ಜೊತೆ ಲಗತ್ತಿಸಬೇಕು.